ಹರಿಹರದ ಹತ್ತಿರ ತಗ್ಗಿನ ಸೈಟು: ಲೈಸೆನ್ಸ್‌ಗೆ ಹಾಕುವ ಮುಂಚೆ ಏನೇನು ನೋಡಬೇಕು?

ತಗ್ಗಿನ ಸೈಟು

ಎಲ್ಲರಿಗೂ ನಮಸ್ಕಾರ. ಹರಿಹರದ ಹೊರಗೆ ಅಪ್ಪ ತೆಗೆದುಕೊಂಡ 30-40ರ ಸೈಟು ಇದೆ. ಲೇಔಟಿನ ಕೊನೇ ಸಾಲಿನಲ್ಲಿದೆ. ಅದರ ಹಿಂದೆ ಒಂದು ಹಳ್ಳ, ಮುಂದೆ ಹೋಗಿ ಹೊಳೆಗೆ ಸೇರುತ್ತದೆ. ನಮ್ಮ ಸೈಟಿನಿಂದ ಹೊಳೆ ಕಾಣುವುದೂ ಇಲ್ಲ. ಆದರೂ 2019ರ ಆಗಸ್ಟ್‌ನಲ್ಲಿ ನಮ್ಮ ಸಾಲಿನಲ್ಲಿ ನೀರು ನಿಂತಿತ್ತು ಅಂತ ಪಕ್ಕದವರು ಹೇಳುತ್ತಾರೆ. ಎಷ್ಟು ನಿಂತಿತ್ತು ಅಂದರೆ ಒಬ್ಬರು ಮೊಣಕಾಲು ಅನ್ನುತ್ತಾರೆ, ಇನ್ನೊಬ್ಬರು ಸೊಂಟ ಅನ್ನುತ್ತಾರೆ.

ಖಾತೆ ಆಗಿದೆ, ಕಂದಾಯ ಕಟ್ಟುತ್ತಿದ್ದೇವೆ. ಕೆಳಗೆ ಎರಡು ರೂಮು, ಮೇಲೆ ಎರಡು ರೂಮು, ಅಷ್ಟೇ ನಮ್ಮ ಪ್ಲಾನ್. ನನ್ನ ಪ್ರಶ್ನೆ ಇಷ್ಟೇ. ನೀರು ಬರುವ ಜಾಗಕ್ಕೆ ಬೇರೆ ಅರ್ಜಿ, ಬೇರೆ ಎನ್‌ಒಸಿ ಇದೆಯಾ? ಮನೆ ಕಟ್ಟುವ ಲೈಸೆನ್ಸ್ ಸಿಕ್ಕರೆ ಜಾಗ ಸರಿ ಇದೆ ಅಂತ ಅರ್ಥನಾ?

ದಾವಣಗೆರೆ ಮಂದಿ

ಅಣ್ಣಾ, ಇಷ್ಟಕ್ಕೆಲ್ಲ ತಲೆ ಕೆಡಿಸಿಕೊಂಡರೆ ಮನೆ ಕಟ್ಟಿದ ಹಾಗೇ. ಪಕ್ಕದವರು ಕಟ್ಟಿದ್ದಾರಲ್ವಾ? ನೀವೂ ಸುಮ್ನೆ ಕಟ್ಟಿ. ಒಬ್ಬ ಎಂಜಿನಿಯರ್ ಹಿಡಿದರೆ ಪೇಪರ್ ಎಲ್ಲ ಅವರೇ ಮಾಡಿಸುತ್ತಾರೆ.

ಸರಪಳಿ ಸರ್ವೆ

ತಮ್ಮಾ, ಖಾತೆ ಪಕ್ಕಕ್ಕಿಡಿ. ತೆರಿಗೆ ಯಾರು ಕಟ್ಟಬೇಕು ಅನ್ನುವುದಕ್ಕೆ ಖಾತೆ. ಆ ಜಾಗ ದಿಬ್ಬವೋ ಹಳ್ಳವೋ ಅದಕ್ಕೆ ಗೊತ್ತಿಲ್ಲ. ಮೊದಲು ಲೇಔಟ್ ಯಾವ ಸರ್ವೆ ನಂಬರಿನಲ್ಲಿ ಆಗಿದೆ ನೋಡಿ. ಆಮೇಲೆ ಭೂಪರಿವರ್ತನೆಗೆ ಮುಂಚಿನ ಪಹಣಿ ತೆಗೆಸಿ. ಸೈಟು ಕೊಳ್ಳುವವರು ಯಾರೂ ಇದನ್ನು ಕೇಳುವುದಿಲ್ಲ, ಮಾರುವವರು ತಾವಾಗಿ ತೋರಿಸುವುದೂ ಇಲ್ಲ.

ಪಹಣಿಯ 3ನೇ ಕಾಲಂ ಓದಿ. ಅಲ್ಲಿ ಒಟ್ಟು ವಿಸ್ತೀರ್ಣ, ಅದರ ಕೆಳಗೆ ಫೂಟ್ ಖರಾಬು ಎ, ಫೂಟ್ ಖರಾಬು ಬಿ ಅಂತ ಇರುತ್ತದೆ. ಎ ಖರಾಬು ಅಂದರೆ ಬೆಳೆ ಬೆಳೆಯಲು ಬಾರದ ಜಾಗ. ಬಿ ಖರಾಬು ಅಂದರೆ ಸಾರ್ವಜನಿಕರದು: ದಾರಿ, ಹಳ್ಳ, ಕೆರೆ, ಸ್ಮಶಾನ ಇಂಥವು. ನಿಮ್ಮ ಸರ್ವೆ ನಂಬರಿನಲ್ಲಿ ಬಿ ಖರಾಬು ಎರಡು ಗುಂಟೆ ಇದೆ ಅಂದರೆ ಆ ಎರಡು ಗುಂಟೆ ಎಲ್ಲಿ ಹೋಯಿತು ಅಂತ ಹುಡುಕಬೇಕು. ಸಾಮಾನ್ಯವಾಗಿ ಅದು ಕೊನೇ ಸಾಲಿನ ಸೈಟುಗಳ ಹೊಟ್ಟೆಯಲ್ಲೇ ಇರುತ್ತದೆ.

ಹುಡುಕುವುದು ಕಷ್ಟವೇನಲ್ಲ. ಗ್ರಾಮ ನಕ್ಷೆ ಆನ್‌ಲೈನಿನಲ್ಲೇ ಸಿಗುತ್ತದೆ. ಅದರಲ್ಲಿ ಹಳ್ಳ ಹೇಗೆ ಹರಿದಿದೆ ನೋಡಿ. ದಿಶಾಂಕ್ ಆ್ಯಪ್ ಹಾಕಿಕೊಂಡು ಸೈಟಿನ ನಾಲ್ಕೂ ಮೂಲೆಯಲ್ಲಿ ನಿಂತು ನೋಡಿ, ಯಾವ ಸರ್ವೆ ನಂಬರಿನ ಒಳಗಿದ್ದೀರಿ ಅಂತ ತೋರಿಸುತ್ತದೆ. ಮೊಬೈಲು ನಾಲ್ಕೈದು ಮೀಟರ್ ಆಚೀಚೆ ತೋರಿಸಬಹುದು, ಹಾಗಾಗಿ ಅದನ್ನೇ ಕೊನೇ ಮಾತು ಅಂದುಕೊಳ್ಳಬೇಡಿ. ಅನುಮಾನ ಬಂದರೆ ಸರ್ವೆ ಇಲಾಖೆಯ ಮೋಜಿಣಿಯಲ್ಲಿ ಹದ್ದುಬಸ್ತಿಗೆ, ಅಂದರೆ ಗಡಿ ಗುರುತಿಸುವುದಕ್ಕೆ ಅರ್ಜಿ ಹಾಕಿ, ಟಿಪ್ಪಣಿ (ಹಳೇ ಸರ್ವೆ ಅಳತೆಯ ದಾಖಲೆ) ಹಿಡಿದು ಅಳತೆ ಮಾಡಿಸಿ.

ನಮ್ಮ ಕಡೆ ನಾನು ತುಂಬಾ ನೋಡಿರುವುದು ಇದು. ನೆಲದ ಮೇಲೆ ದಾಟಿದರೆ ದಾಟಬಹುದಾದ ಚರಂಡಿ. ನಕ್ಷೆಯಲ್ಲಿ ಮಾತ್ರ ಎರಡು ಗೆರೆ ಎಳೆದ ಅಗಲವಾದ ಹಳ್ಳ. ಎರಡೂ ಕಡೆಯವರು ವರ್ಷಾ ವರ್ಷ ಬದು ಒತ್ತಿಕೊಂಡು ಬಂದಿರುತ್ತಾರೆ. ಹೊಳೆ ಏರಿದಾಗ ನೀರು ಹಳೇ ನಕ್ಷೆಯ ಅಳತೆಗೇ ಬರುತ್ತದೆ.

ಭೂಕಂದಾಯ ಕಾಯ್ದೆ 1964ರ 67ನೇ ಕಲಂ ಪ್ರಕಾರ ಹೊಳೆ, ಹಳ್ಳ, ಕೆರೆಯ ತಳ ಸರ್ಕಾರದ್ದು. ಅದರ ಮೇಲೆ ಯಾರು ಲೈಸೆನ್ಸ್ ಕೊಟ್ಟರೂ ಜಾಗ ನಿಮ್ಮದಾಗುವುದಿಲ್ಲ.

ತಗ್ಗಿನ ಸೈಟು

ಸರ್, ಪಹಣಿ ಬಗ್ಗೆ ಯಾರೂ ಹೇಳಿರಲಿಲ್ಲ. ನಾಳೆಯೇ ತೆಗೆಸುತ್ತೇನೆ. ಹಳ್ಳದಿಂದ 75 ಮೀಟರ್ ಬಿಡಬೇಕು ಅಂತ ಒಬ್ಬರು ಹೆದರಿಸಿದರು. ಹಾಗಾದರೆ ನಮ್ಮ ಇಡೀ ಸಾಲೇ ಹೋಯಿತಲ್ಲ?

ಪಾಯದ ಎಂಜಿನಿಯರ್

ಆ 75 ಮೀಟರ್ ಬೆಂಗಳೂರಿನದು. ಅಲ್ಲಿಯ ಕೆರೆಗಳಿಗೆ ಹಸಿರು ನ್ಯಾಯಮಂಡಳಿ 2016ರಲ್ಲಿ ಹೇಳಿತ್ತು. ಮಳೆನೀರು ಹರಿಯುವ ರಾಜಕಾಲುವೆಗಳಿಗೆ ಬೇರೆ ಅಳತೆ ಇತ್ತು. 2019ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ತೆಗೆದುಹಾಕಿತು. ವಾಟ್ಸ್‌ಆ್ಯಪಿನಲ್ಲಿ ಇನ್ನೂ ಓಡಾಡುತ್ತಿದೆ.

ಕೆರೆಗೆ ಬೇರೆ ಕಾನೂನಿದೆ. 2014ರ ಕೆರೆ ಸಂರಕ್ಷಣಾ ಕಾಯ್ದೆಯಲ್ಲಿ ಕೆರೆಯ ಗಡಿಯಿಂದ 30 ಮೀಟರ್ ಒಳಗೆ ಕಟ್ಟುವಂತಿಲ್ಲ ಅಂತ ಇತ್ತು. ಕೆರೆಯ ವಿಸ್ತೀರ್ಣ ನೋಡಿ ಇದನ್ನು ಕಡಿಮೆ ಮಾಡುವ ತಿದ್ದುಪಡಿ ಮಸೂದೆ 2025ರಲ್ಲಿ ವಿಧಾನಮಂಡಲಕ್ಕೆ ಬಂತು. ಬಾತಿ ಕೆರೆ, ಕುಂದುವಾಡ ಕೆರೆ ಪಕ್ಕ ಸೈಟು ಇರುವವರು ಈ ದಿನದ ನಿಯಮ ಏನು ಅಂತ ಬರಹದಲ್ಲೇ ಕೇಳಿ ಪಡೆಯಿರಿ. ಬಾಯಿಮಾತು ಬೇಡ.

ನಿಮ್ಮ ಹಳ್ಳಕ್ಕೆ ಎಷ್ಟು ಬಿಡಬೇಕು ಅನ್ನುವುದು ನಿಮ್ಮ ಊರಿನ ಮಾಸ್ಟರ್ ಪ್ಲಾನಿನ ವಲಯ ನಿಯಮದಲ್ಲಿರುತ್ತದೆ. ಹರಿಹರ, ದಾವಣಗೆರೆ ಎರಡಕ್ಕೂ ದೂಡಾ (ದಾವಣಗೆರೆ-ಹರಿಹರ ನಗರಾಭಿವೃದ್ಧಿ ಪ್ರಾಧಿಕಾರ) ಯೋಜನಾ ಪ್ರಾಧಿಕಾರ. ಮಂಜೂರಾದ ಲೇಔಟ್ ನಕ್ಷೆಯ ದೃಢೀಕೃತ ಪ್ರತಿ ಅಲ್ಲಿಂದಲೇ ತೆಗೆದುಕೊಳ್ಳಿ. ಸೈಟು ಮಾರಿದವರು ಕೊಟ್ಟ ಬಣ್ಣದ ಜೆರಾಕ್ಸ್ ನಂಬಬೇಡಿ. ಹಳ್ಳದ ಪಕ್ಕ ಪಾರ್ಕು, ಬಫರ್ ಅಂತ ತೋರಿಸಿದ ಜಾಗ ಆಮೇಲೆ ಸೈಟಾಗಿ ಮಾರಾಟವಾದ ಉದಾಹರಣೆ ಬೇಕಾದಷ್ಟಿವೆ.

ಈಗ ನಿಮ್ಮ ಮೊದಲ ಪ್ರಶ್ನೆ. ನೀರು ಬರುವ ಜಾಗಕ್ಕೆ ಬೇರೆ ಅರ್ಜಿ ಅಂತ ಇಲ್ಲ. ಎಲ್ಲರೂ ಹಾಕುವ ಅದೇ ಅರ್ಜಿ. ನಗರಸಭೆ ವ್ಯಾಪ್ತಿಯಾದರೆ ಪುರಸಭೆಗಳ ಕಾಯ್ದೆ 1964, ದಾವಣಗೆರೆ ಪಾಲಿಕೆಯಾದರೆ 1976ರ ಪಾಲಿಕೆ ಕಾಯ್ದೆ, ಹಳ್ಳಿಯಾದರೆ 1993ರ ಪಂಚಾಯತ್ ರಾಜ್ ಕಾಯ್ದೆಯ 64ನೇ ಕಲಂ. ಪಟ್ಟಣದಲ್ಲಿ ಲೈಸೆನ್ಸ್ ಇರುವ ಎಂಜಿನಿಯರ್ ಆನ್‌ಲೈನಿನಲ್ಲಿ ನಕ್ಷೆ ಹಾಕಬೇಕು. ಪತ್ರ, ಖಾತೆ, ತೆರಿಗೆ ರಸೀದಿ, ಪರಿವರ್ತನೆ ಆದೇಶ, ಲೇಔಟ್ ನಕ್ಷೆ ಎಲ್ಲ ಜೊತೆಗಿರಬೇಕು. ಹಾಕಿದ ಮೇಲೆ ಸಕಾಲ ನಂಬರ್ ತೆಗೆದುಕೊಳ್ಳುವುದನ್ನು ಮರೆಯಬೇಡಿ. ಅರ್ಜಿ ಎಲ್ಲಿ ಕೂತಿದೆ ಅಂತ ಕೇಳುವುದಕ್ಕೆ ಅದೇ ಆಧಾರ.

ಅವರು ನೋಡುವುದು ಏನು? ಜಾಗ ಯಾರದು, ನಾಲ್ಕು ಕಡೆ ಎಷ್ಟು ಬಿಟ್ಟಿದ್ದೀರಿ, ಎಷ್ಟು ಮಹಡಿ, ಎದುರಿಗೆ ರಸ್ತೆ ಎಷ್ಟು ಅಗಲ. ನಿಮ್ಮ ನೆಲ 2019ರ ನೀರಿಗಿಂತ ಮೇಲಿದೆಯೋ ಕೆಳಗಿದೆಯೋ ಅಂತ ಆ ಅರ್ಜಿಯಲ್ಲಿ ಒಂದು ಕಾಲಮ್ಮೂ ಇಲ್ಲ. ಹಾಗಾಗಿ ಲೈಸೆನ್ಸ್ ಸಿಕ್ಕಿತು ಅಂದರೆ ಜಾಗ ಸುರಕ್ಷಿತ ಅಂತ ಅಲ್ಲವೇ ಅಲ್ಲ. ನೀರಿನ ಲೆಕ್ಕ ನೀವೇ ಮಾಡಬೇಕು, ಅದೂ ನಕ್ಷೆ ಬರೆಸುವ ಮುಂಚೆ.

ದಾವಣಗೆರೆ ಮಂದಿ

ಅದನ್ನೇ ನಾನು ಹೇಳಿದ್ದು. ಅವರೇ ಕೇಳಲ್ಲ ಅಂದಮೇಲೆ ನಿಮಗ್ಯಾಕೆ? ಲೈಸೆನ್ಸೂ ಬೇಕಾಗಿಲ್ಲ, ನಮ್ಮ ಏರಿಯಾದಲ್ಲಿ ಅರ್ಧ ಜನ ತೆಗೆದೇ ಇಲ್ಲ.

ಪಾಯದ ಎಂಜಿನಿಯರ್

ಆ ಕಾಲ ಹೋಯಿತು ಅಣ್ಣಾ. 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಓದಿ. ಕಟ್ಟಡ ಮುಗಿದ ಪ್ರಮಾಣಪತ್ರ ನೋಡಿದ ಮೇಲೆಯೇ ಕರೆಂಟು, ನೀರು ಕೊಡಬೇಕು, ಬ್ಯಾಂಕುಗಳೂ ಅದನ್ನು ನೋಡಿಯೇ ಸಾಲ ಕೊಡಬೇಕು ಅಂತ. ಅದಾದ ಮೇಲೆ 2025ರಲ್ಲಿ ಎಷ್ಟು ಹೊಸ ಮನೆಗಳಿಗೆ ಮೀಟರ್ ಸಿಗದೆ ಗಲಾಟೆ ಆಯಿತು ಅಂತ ನಿಮಗೂ ಗೊತ್ತು. ದಾವಣಗೆರೆ, ಚಿತ್ರದುರ್ಗ ಎರಡೂ ಜಿಲ್ಲೆಗೆ ಕರೆಂಟು ಕೊಡುವುದು ಬೆಸ್ಕಾಂ. ಸಣ್ಣ ಮನೆಗೆ ಈಗ ಏನು ನಿಯಮ ಅಂತ ಪಾಯ ತೆಗೆಯುವ ಮುಂಚೆಯೇ ಹೋಗಿ ಕೇಳಿ.

ಹೊನ್ನಾಳಿ ಹೊಳೆಸಾಲು

ನಾನು ಹೊನ್ನಾಳಿಯವಳು. ನಮ್ಮ ಊರಿನ ಬಾಲರಾಜಘಾಟ್, ನಿಮ್ಮ ಹರಿಹರದ ಗಂಗಾನಗರ, ಎರಡೂ ಹೆಸರು ಹೊಳೆ ಏರಿದಾಗಲೆಲ್ಲ ಪೇಪರಿನಲ್ಲಿ ಬರುತ್ತವೆ. ಕಾಳಜಿ ಕೇಂದ್ರ ತೆರೆಯುತ್ತಾರೆ, ಚಾಪೆ ಹಾಸುತ್ತಾರೆ, ಫೋಟೋ ತೆಗೆಯುತ್ತಾರೆ. ನೀರು ಇಳಿದ ಮೇಲೆ ಕೆಸರು ತೆಗೆಯುವವರು ನಾವೇ.

ಹೊಳೆ ಹೇಗೆ ಏರುತ್ತದೆ ಅಂತ ತಿಳಿದುಕೊಳ್ಳಿ. ತುಂಗೆಗೆ ಗಾಜನೂರಿನಲ್ಲಿ ಇರುವುದು ಸಣ್ಣ ಅಣೆಕಟ್ಟು, 3 ಟಿಎಂಸಿ ಚಿಲ್ಲರೆ. ಶೃಂಗೇರಿ, ತೀರ್ಥಹಳ್ಳಿ ಕಡೆ ಮಳೆ ಹಿಡಿದರೆ ಅದು ಇಟ್ಟುಕೊಳ್ಳಲು ಆಗದೆ ಬಂದಷ್ಟನ್ನೂ ಬಿಡುತ್ತದೆ. ಭದ್ರೆ ಹಾಗಲ್ಲ. ಲಕ್ಕವಳ್ಳಿಯಲ್ಲಿ 71.5 ಟಿಎಂಸಿ ಹಿಡಿಯುತ್ತದೆ, 186 ಅಡಿ ತುಂಬುವವರೆಗೆ ತಡೆಯುತ್ತದೆ. ಕೂಡ್ಲಿಯಲ್ಲಿ ಎರಡೂ ಸೇರಿ ನಮ್ಮ ಕಡೆ ಬರುತ್ತವೆ. ಜೂನ್‌ನಲ್ಲಿ ತುಂಗೆ ಒಂದೇ ಬಂದರೆ ದಡದೊಳಗೇ ಹೋಗುತ್ತದೆ. ಭದ್ರಾ ತುಂಬಿ ಗೇಟ್ ಎತ್ತಿದ ಹೊತ್ತಿಗೇ ತುಂಗೆಯೂ ಜೋರಾದರೆ ಆಗ ಕೆಲಸ ಕೆಡುತ್ತದೆ. ಆದ್ದರಿಂದ ಮೂರು ನಾಲ್ಕು ವರ್ಷ ನೀರು ಬಂದಿಲ್ಲ ಅಂತ ನಂಬಿ ಕೂರಬೇಡಿ. ಎರಡೂ ಕೂಡಿ ಬಂದಿಲ್ಲ ಅಷ್ಟೇ.

ಇನ್ನೊಂದು ಮಾತು. ಕೊನೇ ಸಾಲಿನವರಿಗೆ ಹೊಳೆ ನೇರವಾಗಿ ಬರುವುದಿಲ್ಲ. ಹೊಳೆ ಏರಿದಾಗ ಹಳ್ಳದ ನೀರಿಗೆ ಹೊಳೆಯೊಳಗೆ ಹೋಗಲು ದಾರಿ ಸಿಗದೆ ಹಿಂದಕ್ಕೆ ನಿಲ್ಲುತ್ತದೆ. ನಮ್ಮ ಮನೆಗೆ ಮುಂಬಾಗಿಲಿಂದ ನೀರು ಬರಲೇ ಇಲ್ಲ. ಮೊದಲು ಬಚ್ಚಲ ಜಾಲರಿಯಲ್ಲಿ ಗುಳುಗುಳು ಅಂತು, ಆಮೇಲೆ ಕಕ್ಕಸಿನ ಕಮೋಡಿನಿಂದ ಉಕ್ಕಿತು. ಹೊಸಿಲಿಗೆ ಮರಳು ಚೀಲ ಪೇರಿಸಿ ಕೂತಿದ್ದೆವು ನಾವು.

ಮಾರಿಕಣಿವೆ

ಇಲ್ಲಿ ಹೊಳೆ ಇರುವವರೇ ಮಾತಾಡುತ್ತಿದ್ದೀರಿ. ಬರಗಾಲದ ನಮ್ಮ ಚಿತ್ರದುರ್ಗದ ಕಥೆಯೂ ಕೇಳಿ. ನಾನು ಹಿರಿಯೂರಿನವನು. ವೇದಾವತಿಗೆ ಕಟ್ಟಿದ ವಾಣಿವಿಲಾಸ ಸಾಗರ ಅಣೆಕಟ್ಟು 1907ರಲ್ಲಿ ಮುಗಿದದ್ದು. 130 ಅಡಿ ತುಂಬಿ ಕೋಡಿ ಬಿದ್ದದ್ದು 1933ರಲ್ಲಿ. ಆಮೇಲೆ 2022ರ ಸೆಪ್ಟೆಂಬರ್‌ವರೆಗೆ ಬೀಳಲೇ ಇಲ್ಲ. 89 ವರ್ಷ. ಮೂರು ತಲೆಮಾರು ವೇದಾವತಿಯಲ್ಲಿ ಮರಳು ನೋಡಿದ್ದೇ ಹೊರತು ನೀರು ನೋಡಿದ್ದು ಕಡಿಮೆ. ಹೊಳೆ ಅಂದರೆ ಮರಳು ತುಂಬುವ ಜಾಗ ಅಂತಲೇ ಹುಡುಗರು ತಿಳಿದಿದ್ದರು. ಹಾಗಾಗಿ ದಡಕ್ಕೆ ಒತ್ತಿ ಕಟ್ಟಿದರು, ಹಳ್ಳ ಮುಚ್ಚಿದರು. 2022ರಲ್ಲಿ ಕೋಡಿ ಬಿದ್ದಾಗ ಜನ ಬಾಗಿನ ಬಿಡಲು ಓಡಿದರು, ತಗ್ಗಿನವರು ಪಾತ್ರೆ ಪಗಡೆ ಎತ್ತಿಕೊಂಡು ಓಡಿದರು. ಅತ್ತ ಹೊಸದುರ್ಗ ತಾಲ್ಲೂಕಿನ ಹಿನ್ನೀರಿನ ಹಳ್ಳಿಗಳಲ್ಲಿ ತೋಟ, ಮನೆಗೆ ನೀರು ನಿಂತು ಇನ್ನೊಂದು ಗೋಳು. 2025ರ ಜನವರಿಯಲ್ಲಿ ಮತ್ತೆ ಕೋಡಿ ಬಿತ್ತು.

ನಮ್ಮಲ್ಲಿ ಹಿರಿಯರನ್ನು ಕೇಳಿ ಅಂತಾರೆ. ಕೇಳಲು 1933 ನೋಡಿದ ಹಿರಿಯರೇ ಇರಲಿಲ್ಲ. ಆದ್ದರಿಂದ ಸರಪಳಿ ಸರ್ ಹೇಳಿದ ನಕ್ಷೆಯೇ ನಮಗೆ ಗತಿ.

ತಗ್ಗಿನ ಸೈಟು

ಪಹಣಿ, ಗ್ರಾಮ ನಕ್ಷೆ ಎರಡೂ ನೋಡಿದೆ. ಬಿ ಖರಾಬು ಇದೆ, ಆದರೆ ಹಳ್ಳದ ಗೆರೆ ನಮ್ಮ ಸೈಟಿನ ಹಿಂದಿನ ಗಡಿಯಿಂದ ಆಚೆಗೇ ಇದೆ ಅನ್ನಿಸುತ್ತದೆ. ಹದ್ದುಬಸ್ತಿಗೂ ಹಾಕಿದ್ದೇನೆ. ಎಂಜಿನಿಯರ್ ಸರ್, ನೀರಿನ ಲೆಕ್ಕ ಅಂದರಲ್ಲ, ಅದನ್ನು ಮಾಡುವುದು ಹೇಗೆ? ಮೊಣಕಾಲು, ಸೊಂಟ ಅಂದರೆ ಯಾರ ಮೊಣಕಾಲು ಅಂತ ಲೆಕ್ಕ ಹಾಕಲಿ?

ಪಾಯದ ಎಂಜಿನಿಯರ್

ಸರಿಯಾಗಿ ಕೇಳಿದಿರಿ. ಮನುಷ್ಯರನ್ನು ಕೇಳಬೇಡಿ, ಗೋಡೆಯನ್ನು ಕೇಳಿ. ನೀರು ಒಂದೆರಡು ದಿನ ನಿಂತ ಕಡೆ ಹಳೇ ಗೋಡೆಯ ಮೇಲೆ ಕೆಂಪು ಕೆಸರಿನ ಗೆರೆ ಉಳಿದಿರುತ್ತದೆ. ಸುಣ್ಣ ಹೊಡೆದರೂ ಒಳಗಿನಿಂದ ತೇವ ತೋರುತ್ತದೆ. ಗುಡಿಯ ಹಿಂದಿನ ಗೋಡೆ, ಪಂಪ್‌ಸೆಟ್ ಮನೆ, ಯಾರೂ ಬಣ್ಣ ಹೊಡೆಯದ ಕಾಂಪೌಂಡು ಹುಡುಕಿ. ಗೆರೆ ಸಿಕ್ಕಿದ ಮನೆಯವರನ್ನು ಇದು ಯಾವ ವರ್ಷದ್ದು ಅಂತ ಕೇಳಿ. ಅವರ ಮೊಬೈಲಿನಲ್ಲಿ ಫೋಟೋ ಇದ್ದೇ ಇರುತ್ತದೆ. ಫೋಟೋದಲ್ಲಿ ಬಾಗಿಲಿನ ಯಾವ ಹಲಗೆವರೆಗೆ ನೀರಿದೆ ಅಂತ ನೋಡಿದರೆ ಗೆರೆ ಸರಿಯೋ ತಪ್ಪೋ ಗೊತ್ತಾಗುತ್ತದೆ.

ಆಮೇಲೆ ಗಾರೆ ಮೇಸ್ತ್ರಿಯ ಲೆವೆಲ್ ಟ್ಯೂಬ್ ತರಿಸಿ. ಬೆಲೆ ಹೆಚ್ಚೇನಿಲ್ಲ. ಪೈಪಿನಲ್ಲಿ ಗಾಳಿಗುಳ್ಳೆ ಇಲ್ಲದ ಹಾಗೆ ನೀರು ತುಂಬಿ. ಒಂದು ತುದಿ ಗೋಡೆಯ ಗೆರೆಗೆ ಹಿಡಿದರೆ ಇನ್ನೊಂದು ತುದಿಯಲ್ಲಿ ಅದೇ ಎತ್ತರ. ದೂರ ಜಾಸ್ತಿ ಇದ್ದರೆ ನಡುವೆ ಕಂಬ ಕಂಬಕ್ಕೆ ಗುರುತು ಹಾಕುತ್ತಾ ಬನ್ನಿ. ಕೊನೆಗೆ ನಿಮ್ಮ ಸೈಟಿನ ಮುಂದಿನ ಕಂಬಕ್ಕೆ ಕೆಂಪು ಬಣ್ಣದ ಗೆರೆ ಹಾಕಿ. ಗೆರೆ ನಿಮ್ಮ ಹತ್ತಿರದ ಮನೆಯದೇ ಆಗಿರಲಿ. ಹೊಳೆಗೂ ಇಳಿಜಾರು ಇರುತ್ತದೆ, ಮೈಲಿ ದೂರದ ಗೆರೆ ತಂದರೆ ಲೆಕ್ಕ ತಪ್ಪುತ್ತದೆ. ಆಟೋ ಲೆವೆಲ್ (ಮಟ್ಟ ಅಳೆಯುವ ಉಪಕರಣ) ಇರುವ ಸರ್ವೇಯರ್ ಸಿಕ್ಕರೆ ಇನ್ನೂ ಒಳ್ಳೆಯದು.

ಆ ಗೆರೆ ನಿಮ್ಮ ನಕ್ಷೆಗೆ ಬರಬೇಕು. ಸೆಕ್ಷನ್ ಡ್ರಾಯಿಂಗಿನಲ್ಲಿ ರಸ್ತೆ ಮಟ್ಟ, 2019ರ ನೀರಿನ ಮಟ್ಟ, ನಿಮ್ಮ ಪ್ಲಿಂತ್ (ಮನೆಯ ನೆಲಗಟ್ಟಿನ) ಮಟ್ಟ ಮೂರನ್ನೂ ಬರೆಸಿ. ಯಾರೂ ಕೇಳದಿದ್ದರೂ ಬರೆಸಿ. ನಾಳೆ ಮೇಸ್ತ್ರಿ ಖರ್ಚು ಉಳಿಸಲು ಒಂದು ಅಡಿ ಇಳಿಸಲು ಹೋದಾಗ ತೋರಿಸಲು ಕೈಯಲ್ಲಿ ಕಾಗದ ಇರುತ್ತದೆ.

ದಾವಣಗೆರೆ ಮಂದಿ

ಇದು ಒಪ್ಪಿದೆ. ಗೆರೆಗಿಂತ ಮೇಲೆ ಮಣ್ಣು ಹಾಕಿ ಎತ್ತರಿಸಿದರೆ ಮುಗಿಯಿತಲ್ಲ?

ಹೊನ್ನಾಳಿ ಹೊಳೆಸಾಲು

ನೀವು ಎತ್ತರಿಸಿ, ನಿಮ್ಮ ಪಕ್ಕದವರ ಮನೆಗೆ ನೀರು ನುಗ್ಗಲಿ ಅಂತನಾ? ನಮ್ಮ ಬೀದಿಯಲ್ಲಿ ಅದೇ ಆಗಿದ್ದು. ಹೊಸದಾಗಿ ಕಟ್ಟಿದವರು ನಾಲ್ಕು ಅಡಿ ಮಣ್ಣು ಹಾಕಿದರು. ಹಳೇ ಮಾಳಿಗೆ ಮನೆಗಳು ಬಟ್ಟಲಿನ ತಳದಲ್ಲಿ ಕೂತ ಹಾಗಾದವು.

ಪಾಯದ ಎಂಜಿನಿಯರ್

ಅಕ್ಕ ಹೇಳಿದ್ದು ನಿಜ. ಅದಕ್ಕೇ ನನ್ನ ಓಟು ಮಣ್ಣಿಗಲ್ಲ, ಕಂಬಕ್ಕೆ. ಕೆಳಗೆ ಸ್ಟಿಲ್ಟ್, ಅಂದರೆ ಗೋಡೆ ಇಲ್ಲದೆ ಬರೀ ಕಂಬ ಇರುವ ಜಾಗ ಬಿಡಿ, ಬೈಕು ನಿಲ್ಲಲಿ, ಬಟ್ಟೆ ಒಣಗಲಿ. ನೀರು ಬಂದರೆ ಬಂದು ಹೋಗಲಿ. ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರದ 2008ರ ಪ್ರವಾಹ ಮಾರ್ಗಸೂಚಿಯೂ ಇದನ್ನೇ ಹೇಳುತ್ತದೆ. ವಾಸದ ಮನೆ 25 ವರ್ಷಕ್ಕೊಮ್ಮೆ ಬರುವ ಪ್ರವಾಹದ ಮಟ್ಟಕ್ಕಿಂತ ಮೇಲಿರಬೇಕು, ಅಪಾಯದ ಜಾಗದಲ್ಲಿ ಕಂಬದ ಮೇಲೆ ಕಟ್ಟಬೇಕು. ಆಸ್ಪತ್ರೆ, ವಿದ್ಯುತ್ ಕೇಂದ್ರಕ್ಕೆ 100 ವರ್ಷದ ಮಟ್ಟ. ಆದರೆ ಅದು ಮಾರ್ಗಸೂಚಿ ಅಷ್ಟೇ. 1975ರಲ್ಲೇ ಕೇಂದ್ರ ಒಂದು ಮಾದರಿ ಮಸೂದೆ ಬರೆದು ರಾಜ್ಯಗಳಿಗೆ ಕಳಿಸಿತ್ತು, ಹೊಳೆಯ ಬಯಲನ್ನು ವಲಯ ಮಾಡಿ ಎಲ್ಲಿ ಕಟ್ಟಬಾರದು ಅಂತ ಹೇಳಿ ಎಂದು. ಮಣಿಪುರ 1978ರಲ್ಲಿ, ರಾಜಸ್ಥಾನ 1990ರಲ್ಲಿ ಕಾಯ್ದೆ ಮಾಡಿದವು. ನಮ್ಮ ರಾಜ್ಯದಲ್ಲಿ ಅಂಥ ಪ್ರತ್ಯೇಕ ಕಾಯ್ದೆ ಇಲ್ಲ. ಇದ್ದಿದ್ದರೆ ನಿಮ್ಮ ಅರ್ಜಿಯಲ್ಲಿ ಆ ಕಾಲಮ್ಮೂ ಇರುತ್ತಿತ್ತು.

ಒಂದು ಎಚ್ಚರಿಕೆ. ನಕ್ಷೆಯಲ್ಲಿ ಸ್ಟಿಲ್ಟ್ ಪಾರ್ಕಿಂಗ್ ಅಂತ ತೋರಿಸಿ, ಎರಡು ವರ್ಷ ಆದಮೇಲೆ ಸುತ್ತ ಗೋಡೆ ಕಟ್ಟಿ ಬಾಡಿಗೆಗೆ ಕೊಡುವವರು ಇದ್ದಾರೆ. ಅದು ಉಲ್ಲಂಘನೆ. ಅದಕ್ಕಿಂತ ಹೆಚ್ಚಾಗಿ, ನೀರು ಬಂದಾಗ ಮೊದಲು ಮುಳುಗುವುದು ಆ ಬಾಡಿಗೆಯವರ ಸಾಮಾನು.

ನಿಮ್ಮದು ಎರೆ ಮಣ್ಣಾ? ಹಾಗಿದ್ದರೆ ಪಾಯದ ಖರ್ಚಿನಲ್ಲಿ ಕೈ ಬಿಗಿ ಹಿಡಿಯಬೇಡಿ. ಎರೆ ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ಮಣ್ಣು ಪರೀಕ್ಷೆ ಮಾಡಿಸಿ, ಗಟ್ಟಿ ಪದರ ಸಿಗುವವರೆಗೆ ಹೋಗಿ. ಆಗದಿದ್ದರೆ ಕೆಳಗೆ ಬುಗುಟು ಇರುವ ಅಂಡರ್ ರೀಮ್ಡ್ ಪೈಲ್ ಹಾಕುತ್ತಾರೆ.

ಹೊನ್ನಾಳಿ ಹೊಳೆಸಾಲು

ಎಂಜಿನಿಯರ್ ಸರ್, ನಿಮ್ಮ ಕಂಬದ ಮನೆ ದುಡ್ಡು ಇರುವವರಿಗೆ ಸರಿ. ಹೊಳೆಯ ದಂಡೆಯಲ್ಲಿ ಇರುವವರು ಬಹಳ ಜನ ಕೂಲಿಯವರು. ಅಗ್ಗದ ಜಾಗ ಅಂತ ಅಲ್ಲಿಗೆ ಹೋದವರು. ಅವರಿಗೆ ಲೈಸೆನ್ಸ್ ಇಲ್ಲ, ಪತ್ರ ಇಲ್ಲ ಅಂತ ಬಾಯಿ ಮಾಡುವುದು ಸುಲಭ. ಎತ್ತರದ ಕಡೆ ಸೈಟು ಕೊಟ್ಟು ಕರೆದುಕೊಂಡು ಹೋಗುವುದು ಸರ್ಕಾರದ ಕೆಲಸ. ಕೊಟ್ಟ ಜಾಗ ಊರಿಂದ ಮೈಲಿ ದೂರ ಇದ್ದರೆ ಕೂಲಿಗೆ ಬರಲು ಆಗುವುದಿಲ್ಲ ಅಂತ ಮತ್ತೆ ಹೊಳೆ ಪಕ್ಕಕ್ಕೇ ಬರುತ್ತಾರೆ. 2019ರಲ್ಲಿ ನೀರು ನುಗ್ಗಿದ ಮನೆಗೆ 10,000, ಪೂರ್ತಿ ಬಿದ್ದ ಮನೆಗೆ 5 ಲಕ್ಷ ಅಂತ ಸರ್ಕಾರ ಘೋಷಿಸಿತು. ಆ ದುಡ್ಡಲ್ಲಿ ಅದೇ ಜಾಗದಲ್ಲಿ ಮತ್ತೆ ಕಟ್ಟಿದವರೇ ಜಾಸ್ತಿ. ಅವರದ್ದು ತಪ್ಪು ಅಂತ ನಾನಂತೂ ಹೇಳಲಾರೆ.

ಪಾಯದ ಎಂಜಿನಿಯರ್

ಒಪ್ಪಿದೆ ಅಕ್ಕಾ. ಇಲ್ಲಿ ಕೇಳಿದವರು ಸೈಟು ಕೊಂಡವರು, ಅದಕ್ಕೆ ಅವರಿಗೆ ಹೇಳಿದೆ.

ಪಾಲಿಸಿ ಪುಸ್ತಕ

ನನ್ನದು ಇನ್ಶೂರೆನ್ಸ್ ಕೆಲಸ. ಚಿಕ್ಕದಾಗಿ ಹೇಳುತ್ತೇನೆ. 2021ರ ಏಪ್ರಿಲ್‌ನಿಂದ ಎಲ್ಲ ಕಂಪನಿಗಳೂ ಭಾರತ್ ಗೃಹ ರಕ್ಷಾ ಅನ್ನುವ ಒಂದೇ ಮಾದರಿಯ ಮನೆ ಪಾಲಿಸಿ ಕೊಡುತ್ತವೆ. ಪ್ರವಾಹ ಅದರಲ್ಲೇ ಸೇರಿದೆ. ಮನೆಯ ಸಾಮಾನಿಗೆ ಕಟ್ಟಡದ ಮೊತ್ತದ 20 ಪರ್ಸೆಂಟ್, 10 ಲಕ್ಷದವರೆಗೆ ತಾನಾಗಿಯೇ ಸಿಗುತ್ತದೆ. ಸೈಟಿನ ಬೆಲೆ ಸೇರಿಸಬೇಡಿ, ಮನೆ ಮತ್ತೆ ಕಟ್ಟಲು ಎಷ್ಟಾಗುತ್ತದೋ ಅಷ್ಟಕ್ಕೆ ಮಾಡಿಸಿ. ಹಿಂದೆ ನೀರು ಬಂದಿತ್ತಾ ಅಂತ ಕೇಳಿದರೆ ಇದ್ದದ್ದು ಇದ್ದ ಹಾಗೆ ಬರೆಯಿರಿ. ಮುಚ್ಚಿಟ್ಟರೆ ಕ್ಲೇಮ್ ಹೊತ್ತಿಗೆ ಅದೇ ನೆಪ ಆಗುತ್ತದೆ.

ತಗ್ಗಿನ ಸೈಟು

ಟ್ಯೂಬ್ ಹಿಡಿದು ನೋಡಿದೆವು. ಪಕ್ಕದ ಬೀದಿಯ ಪಂಪ್‌ಸೆಟ್ ಮನೆಯ ಗೋಡೆಯಲ್ಲಿ ಗೆರೆ ಚೆನ್ನಾಗಿಯೇ ಸಿಕ್ಕಿತು. ಅಲ್ಲಿಂದ ತಂದರೆ ನಮ್ಮ ಮುಂದಿನ ರಸ್ತೆಯಿಂದ 2 ಅಡಿ 7 ಇಂಚು. ಅಂದರೆ ಮೊಣಕಾಲೂ ಅಲ್ಲ, ಸೊಂಟವೂ ಅಲ್ಲ. ಸೈಟಿನ ಹಿಂದಿನ ಮೂಲೆ ರಸ್ತೆಗಿಂತ ಇನ್ನೂ ತಗ್ಗು, ಅಲ್ಲಿ ನಾಲ್ಕು ಅಡಿ ಹತ್ತಿರ ಬರುತ್ತದೆ. ಅಪ್ಪ ನೋಡಿ ಸುಮ್ಮನಾದರು. ಕೆಳಗಿನ ಎರಡು ರೂಮು ಬಿಟ್ಟು ಸ್ಟಿಲ್ಟ್ ಮಾಡೋಣ, ಮೇಲೆ ಒಂದೇ ಮನೆ ಸಾಕು ಅಂತ ಅಮ್ಮನೇ ಹೇಳಿದ್ದು. ಹದ್ದುಬಸ್ತು ಆಗುವವರೆಗೆ ಅರ್ಜಿ ಹಾಕುವುದಿಲ್ಲ. ಸ್ಟಿಲ್ಟ್ ಆದರೆ ನೀರಿನ ಸಂಪು, ಕಕ್ಕಸಿನ ಪಿಟ್ ಎಲ್ಲಿಡಲಿ? ಅವು ಕೆಳಗೇ ತಾನೇ ಇರಬೇಕು?

ಪಾಯದ ಎಂಜಿನಿಯರ್

ಪಿಟ್ ಕೆಳಗೇ ಇರಲಿ. ಅದರಿಂದ ಮನೆಗೆ ಬರುವ ಪೈಪಿಗೆ ನೀರು ಹಿಂದಕ್ಕೆ ಬಾರದಂತೆ ತಡೆಯುವ ನಾನ್ ರಿಟರ್ನ್ ವಾಲ್ವ್ ಹಾಕಿಸಿ, ಅಕ್ಕನ ಮನೆಯಲ್ಲಿ ಆದದ್ದು ಆಗುವುದಿಲ್ಲ. ವರ್ಷಕ್ಕೊಮ್ಮೆ ಮಳೆಗಾಲಕ್ಕೆ ಮುಂಚೆ ಬಿಚ್ಚಿ ತೊಳೆಯಬೇಕು, ಇಲ್ಲದಿದ್ದರೆ ಕಸ ಸಿಕ್ಕಿ ಮುಚ್ಚಿಕೊಳ್ಳದೆ ನಿಲ್ಲುತ್ತದೆ. ಸಂಪಿನ ಬಾಯಿ ಕೆಂಪು ಗೆರೆಗಿಂತ ಒಂದೂವರೆ ಅಡಿ ಮೇಲೆ ಬರುವ ಹಾಗೆ ಗೋಡೆ ಎತ್ತರಿಸಿ, ಪಿಟ್‌ನಿಂದ ದೂರ ಇಡಿ. ಖಾಲಿ ಸಂಪು ನೀರಿನ ಒತ್ತಡಕ್ಕೆ ಮೇಲೆದ್ದು ಬಿರುಕು ಬಿಡಬಹುದು, ಹೊಳೆ ಏರುವ ಸುದ್ದಿ ಬಂದರೆ ತುಂಬಿಸಿಡಿ. ಮೀಟರ್ ಬೋರ್ಡು, ಮೋಟಾರ್ ಸ್ಟಾರ್ಟರ್ ಎರಡೂ ಮೆಟ್ಟಿಲಿನ ಮೊದಲ ತಿರುವಿನಲ್ಲಿ.

ಸರಪಳಿ ಸರ್ವೆ

ಹದ್ದುಬಸ್ತಿಗೆ ಬರುವ ದಿನ ಹಿಂದಿನ ಜಮೀನಿನವರನ್ನೂ ಕರೆದು ನಿಲ್ಲಿಸಿಕೊಳ್ಳಿ ತಮ್ಮಾ. ಕಲ್ಲು ನೆಟ್ಟದ್ದಕ್ಕೆ ಅವರ ಸಹಿಯೂ ಬೀಳಲಿ.